ಪಥ್ಯ, ಕೈಗುಣ, ಹಣೆಬರಹ

ಆಸ್ಪತ್ರೆಯ ವರಾಂಡದಲ್ಲಿ ಅರ್ಧ ಗಂಟೆ ಕೂತರೆ ಮೂರು ಬಗೆಯ ಮಾತು ಕಿವಿಗೆ ಬೀಳುತ್ತವೆ. ‘ಪಥ್ಯ ಸರಿಯಾಗಿ ಮಾಡಿದ್ದಿದ್ರೆ ಹೀಗಾಗ್ತಿರಲಿಲ್ಲ’ ಎಂದು ಒಬ್ಬರು ಪೇಚಾಡುತ್ತಾರೆ. ಇನ್ನೊಬ್ಬರು ಡಾಕ್ಟರ ಕೈಗುಣ ನಂಬಿ ದೂರದಿಂದ ಬಂದಿರುತ್ತಾರೆ. ಮತ್ತೊಬ್ಬರು ಎಲ್ಲವನ್ನೂ ಹಣೆಬರಹಕ್ಕೆ ಬಿಟ್ಟು ಸುಮ್ಮನಿರುತ್ತಾರೆ. ಆರೋಗ್ಯದ ಲಗಾಮು ಯಾರ ಕೈಯಲ್ಲಿದೆ ಎಂಬ ಈ ನಂಬಿಕೆಗೂ, ಸಿಕ್ಕ ಚಿಕಿತ್ಸೆಯ ಬಗ್ಗೆ ರೋಗಿಗಿರುವ ಸಮಾಧಾನಕ್ಕೂ ಏನು ನಂಟು? ಮನೋವಿಜ್ಞಾನಿಗಳು ಅರವತ್ತು ವರ್ಷಗಳಿಂದ ಇದನ್ನು ಕೆದಕುತ್ತ ಬಂದಿದ್ದಾರೆ.

ಬೀಜ ಬಿತ್ತಿದವರು ಅಮೆರಿಕದ ಜೂಲಿಯನ್ ರಾಟರ್. ಬದುಕಿನ ಫಲಾಫಲಕ್ಕೆ ತಾನೇ ಕಾರಣ ಎನ್ನುವವರನ್ನೂ ಹೊರಗಿನ ಶಕ್ತಿ ಕಾರಣ ಎನ್ನುವವರನ್ನೂ ಬೇರ್ಪಡಿಸುವ ಅವರ ಪ್ರಬಂಧ 1966ರಲ್ಲಿ ಬಂತು. ಆದರೆ ಅದಕ್ಕೂ ನಾಲ್ಕು ವರ್ಷ ಮೊದಲೇ, 1962ರಲ್ಲಿ, ಮೆಲ್ವಿನ್ ಸೀಮನ್ ಮತ್ತು ಜಾನ್ ಇವಾನ್ಸ್ ಕ್ಷಯ ರೋಗಿಗಳ ನಡುವೆ ಒಂದು ಅಧ್ಯಯನ ನಡೆಸಿದ್ದರು. ಬದುಕು ತಮ್ಮ ಹಿಡಿತದಲ್ಲಿದೆ ಎಂದು ನಂಬಿದ ರೋಗಿಗಳಿಗೆ ಕಾಯಿಲೆಯ ಬಗ್ಗೆ ಹೆಚ್ಚು ತಿಳಿದಿತ್ತು, ಅವರು ವೈದ್ಯರನ್ನೂ ನರ್ಸುಗಳನ್ನೂ ಹೆಚ್ಚು ಪ್ರಶ್ನಿಸುತ್ತಿದ್ದರು. ಸಿಗುವ ಮಾಹಿತಿ ಸಾಲದೆಂಬ ಅತೃಪ್ತಿಯೂ ಅವರಲ್ಲೇ ಹೆಚ್ಚು. ಇಡೀ ಕ್ಷೇತ್ರದಲ್ಲಿ ನನಗೆ ಬಹಳ ಮುಖ್ಯವೆನಿಸುವ ಫಲಿತಾಂಶ ಇದು. ವಾರ್ಡಿನಲ್ಲಿ ಗೊಣಗುವವನು ತಂಟೆಕೋರನಂತೆ ಕಾಣುತ್ತಾನೆ. ಎಲ್ಲರಿಗಿಂತ ಹೆಚ್ಚಾಗಿ ಗುಣವಾಗಲು ಹಂಬಲಿಸುವವನು ಅವನೇ ಇರಬಹುದು.

ಸಮಾಧಾನವನ್ನು ಅಳೆಯುವ ಕೆಲಸ ಬೇರೆ ದಾರಿಯಲ್ಲಿ ಸಾಗಿತ್ತು. ಲಾಸ್ ಏಂಜಲೀಸಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಬಾರ್ಬರಾ ಕೋರ್ಷ್ ತಂಡ 800 ಭೇಟಿಗಳನ್ನು ಗಮನಿಸಿ 1968ರಲ್ಲಿ ವರದಿ ಮಾಡಿತು. ತಾಯಂದಿರಲ್ಲಿ ಮುಕ್ಕಾಲು ಪಾಲು ಜನ ತೃಪ್ತಿಯಾಯಿತೆಂದರು. ಆದರೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮಗುವಿಗೆ ಈ ಕಾಯಿಲೆ ಯಾಕೆ ಬಂತೆಂಬುದೇ ತಿಳಿದಿರಲಿಲ್ಲ.

ರಾಟರ್ ಹಾಕಿದ ಒಳಗೆ-ಹೊರಗೆ ಎಂಬ ಗೆರೆ ರೋಗಿಗೆ ಸಾಲದು ಎಂಬುದು ಬೇಗನೇ ಅರಿವಾಯಿತು. ‘ಹೊರಗೆ’ ಎಂಬುದರಲ್ಲಿ ಬಲಾಢ್ಯರೇ ಬೇರೆ, ಅದೃಷ್ಟವೇ ಬೇರೆ ಎಂದು ಹನ್ನಾ ಲೆವೆನ್ಸನ್ ವಾದಿಸಿದರು. ಅದನ್ನು ಆರೋಗ್ಯಕ್ಕೆ ಒಗ್ಗಿಸಿದವರು ಕೆನೆತ್ ಮತ್ತು ಬಾರ್ಬರಾ ವಾಲ್ಸ್ಟನ್. 1978ರಲ್ಲಿ ರಾಬರ್ಟ್ ಡಿವೆಲಿಸ್ ಜೊತೆ ಅವರು ತಂದ ಮಾಪಕದಲ್ಲಿ ತಾನು, ಬಲಾಢ್ಯರು, ಅದೃಷ್ಟ ಎಂಬ ಮೂರು ಭಾಗ, ತಲಾ ಆರು ಹೇಳಿಕೆ. ನಮ್ಮ ಪಥ್ಯ, ಕೈಗುಣ, ಹಣೆಬರಹಗಳೇ ಅವು ಎನ್ನಬಹುದು. 1994ರ ಪರಿಷ್ಕರಣೆಯಲ್ಲಿ ವೈದ್ಯರನ್ನು ಇತರ ಜನರಿಂದ ಬೇರೆ ಮಾಡಿದರು. 1999ರಲ್ಲಿ ದೇವರಿಗೂ ಪ್ರತ್ಯೇಕ ಮಾಪಕ ಬಂತು.

ವೈದ್ಯರ ಮೇಲೆ ಭಾರ ಹಾಕಿದವರು ಸಾಮಾನ್ಯವಾಗಿ ಹೆಚ್ಚು ತೃಪ್ತರಾಗಿರುತ್ತಾರೆ. ತಮ್ಮನ್ನೇ ನಂಬಿದವರ ವಿಷಯದಲ್ಲಿ ಉತ್ತರ ಒಂದೇ ತೆರನಾಗಿಲ್ಲ, ಸಿಕ್ಕ ಚಿಕಿತ್ಸೆಯ ರೀತಿಯನ್ನೂ ನೋಡಬೇಕು. ಹಲ್ಲಿನ ಶಸ್ತ್ರಚಿಕಿತ್ಸೆಗೆ ಬಂದವರ ಬಗ್ಗೆ ಸ್ಟೀಫನ್ ಆವರ್‌ಬಾಕ್ ಮತ್ತು ಸಂಗಡಿಗರು 1976ರಲ್ಲಿ ಕಂಡದ್ದು ಇದಕ್ಕೆ ಹೊಂದುತ್ತದೆ: ಏನು ಮಾಡುತ್ತೇವೆಂದು ವಿವರವಾಗಿ ಹೇಳಿದಾಗ ತಮ್ಮನ್ನು ನಂಬಿದವರು ಚೆನ್ನಾಗಿ ಸಹಕರಿಸಿದರು, ಉಳಿದವರಿಗೆ ಮೇಲುಮೇಲಿನ ಮಾತೇ ಅನುಕೂಲವಾಯಿತು.

ಇಲ್ಲಿ ಒಂದು ಎಚ್ಚರ ಬೇಕು. ಎಲ್ಲ ನಿನ್ನ ಕೈಯಲ್ಲೇ ಇದೆ ಎನ್ನುವುದು ಧೈರ್ಯ ಕೊಡುವ ಮಾತಿನಂತೆ ಕೇಳುತ್ತದೆ. ಕೂಲಿ ಬಿಟ್ಟು ಆಸ್ಪತ್ರೆಗೆ ಬರಲಾಗದವಳಿಗೆ, ಮಾತ್ರೆಗೆ ದುಡ್ಡಿಲ್ಲದವಳಿಗೆ ಅದೇ ಮಾತು ದೂಷಣೆ. ತನ್ನ ಕೈಯಲ್ಲಿ ಏನೂ ಇಲ್ಲ ಎಂದು ಅವಳು ಹೇಳಿದರೆ ಅದನ್ನು ಮನೋಭಾವದ ಕೊರತೆ ಎಂದು ಬರೆದುಕೊಳ್ಳುವುದು ತಪ್ಪು. ಅವಳು ತನ್ನ ಪರಿಸ್ಥಿತಿಯನ್ನು ಇದ್ದ ಹಾಗೆ ಹೇಳುತ್ತಿದ್ದಾಳೆ.

ತೃಪ್ತಿಯ ಅಂಕಗಳನ್ನು ಅಮೆರಿಕ 2008ರಿಂದ ಆಸ್ಪತ್ರೆವಾರು ಪ್ರಕಟಿಸತೊಡಗಿತು. 2012ರಲ್ಲಿ ಜೋಷುವಾ ಫೆಂಟನ್ ತಂಡ 50 ಸಾವಿರಕ್ಕೂ ಹೆಚ್ಚು ವಯಸ್ಕರ ಮಾಹಿತಿ ನೋಡಿದಾಗ, ಅತಿ ಹೆಚ್ಚು ತೃಪ್ತಿಪಟ್ಟವರಲ್ಲಿ ಖರ್ಚೂ ಹೆಚ್ಚಿತ್ತು, ಸಾವಿನ ಪ್ರಮಾಣವೂ ಹೆಚ್ಚಿತ್ತು. ತೃಪ್ತಿಯೇ ಸಾವಿಗೆ ಕಾರಣವೆಂದು ಇದರಿಂದ ಹೇಳಲಾಗದು. ಆದರೆ ಬಿಡುಗಡೆಯ ದಿನ ಕೈಗಿಡುವ ಅಭಿಪ್ರಾಯ ಪತ್ರದಲ್ಲಿ ‘ತೃಪ್ತಿಯಾಯಿತೇ?’ ಎಂಬುದರ ಕೆಳಗೆ ‘ಕೇಳಬೇಕೆಂದಿದ್ದ ಪ್ರಶ್ನೆ ಏನಾದರೂ ಉಳಿಯಿತೇ?’ ಎಂಬ ಸಾಲೂ ಇರಲಿ ಎಂದು ಕೇಳಲು ನನಗೆ ಇಷ್ಟೇ ಸಾಕು.