ಒಂದು ಕುದುರೆಯ ವ್ಯಾಜ್ಯ



ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಸಿಂಹಾಸನ, ಸೈನ್ಯ, ಸಂಧಿ ವಿಗ್ರಹಗಳ ಕಡೆಗೆ ಓಡುವುದು ವಾಡಿಕೆ. ಆದರೆ ಕುದುರೆಲಾಯದ ಅಂಗಳದಲ್ಲಿ ಹುಟ್ಟಿದ ಜಗಳವೊಂದು ಕೂಡ ಚರಿತ್ರಕಾರನ ವಿಚಾರಣೆಗೆ ಬರಲು ಯೋಗ್ಯವಾಗಿರಬಹುದು. ೧೯೩೫ನೆಯ ಇಸವಿ ಮಾರ್ಚ್ ತಿಂಗಳ ಕೊನೆಯಲ್ಲಿ ಇಂಗ್ಲೆಂಡಿನ ಮಹಾಧನಿಕಳಾದ ಡೊರೊತಿ ಪ್ಯಾಜೆಟ್ ಎಂಬಾಕೆಗೂ, ಆಕೆಯ ಕುದುರೆಗಳನ್ನು ತಿದ್ದುತ್ತಿದ್ದ ಬೇಸಿಲ್ ಬ್ರಿಸ್ಕೋ ಎಂಬ ತರಬೇತುಗಾರನಿಗೂ ಮನಸ್ತಾಪ ಉಂಟಾಗಿ, ಆ ಕಾಲದ ಅತ್ಯುತ್ತಮವಾದ ಕುದುರೆ ಒಂದು ಲಾಯದಿಂದ ಇನ್ನೊಂದಕ್ಕೆ ಹೊರಟುಹೋಯಿತು. ತಪ್ಪು ಯಾರದು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಬೆಂಗಳೂರು ಮೈಸೂರುಗಳ ರೇಸುಗಳನ್ನು ಕಂಡವರಿಗೆ ಪರಿಚಿತವಾದುದು ಬಯಲ ಓಟ. ಇಂಗ್ಲೆಂಡ್ ಐರ್ಲೆಂಡುಗಳಲ್ಲಿ ಇದಲ್ಲದೆ ಬೇಲಿಗಳನ್ನೂ ಹಳ್ಳಗಳನ್ನೂ ಹಾರಿ ಓಡುವ ಇನ್ನೊಂದು ಬಗೆಯ ಪಂದ್ಯ ಉಂಟು. ೧೭೫೨ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಸವಾರರು ಒಂದು ಊರಿನ ಇಗರ್ಜಿಯ ಶಿಖರದಿಂದ ಇನ್ನೊಂದು ಊರಿನ ಇಗರ್ಜಿಯ ಶಿಖರವನ್ನೇ ಗುರಿಯಾಗಿಟ್ಟುಕೊಂಡು, ಅಡ್ಡಬಂದುದನ್ನೆಲ್ಲ ಹಾರಿಕೊಂಡು ಓಡಿದರೆಂದೂ, ಅದೇ ಈ ಕ್ರೀಡೆಯ ಮೂಲವೆಂದೂ ಹೇಳುವುದುಂಟು. ಈ ಪಂದ್ಯಗಳಲ್ಲಿ ಎರಡು ಅಗ್ರಗಣ್ಯವಾದುವು. ಮೊದಲನೆಯದು ಚೆಲ್ಟನ್‌ಹ್ಯಾಮಿನ ಗೋಲ್ಡ್ ಕಪ್. ಮೂರು ಮೈಲಿಗೂ ಮೀರಿದ ಈ ಓಟದಲ್ಲಿ ಶ್ರೇಷ್ಠವಾದ ಕುದುರೆಗಳು ಸಮಾನ ಭಾರ ಹೊತ್ತು ಓಡುತ್ತವೆ. ಎರಡನೆಯದು ಲಿವರ್‌ಪೂಲಿನ ಬಳಿಯ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್. ಅದು ಆಗ ಸುಮಾರು ನಾಲ್ಕೂವರೆ ಮೈಲಿಯ ದಾರಿ, ಮೂವತ್ತು ನೆಗೆತ. ಕುದುರೆ ಎಷ್ಟು ಉತ್ತಮವೋ ಅದರ ಬೆನ್ನಿಗೆ ಅಷ್ಟು ಹೆಚ್ಚು ಭಾರ. ಮೊದಲನೆಯದು ಗುಣದ ಪರೀಕ್ಷೆ. ಎರಡನೆಯದು ಗುಣದೊಡನೆ ಧೈರ್ಯದ ಮತ್ತು ದೈವದ ಪರೀಕ್ಷೆ.

ನಮ್ಮ ಕಥೆಯ ನಾಯಕನಾದ ಗೋಲ್ಡನ್ ಮಿಲ್ಲರ್ ೧೯೨೭ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಕುದುರೆ. ಬ್ರಿಸ್ಕೋ ಇದನ್ನು ಕಣ್ಣಿನಿಂದ ನೋಡದೆಯೇ ೫೦೦ ಪೌನಿಗೆ ಕೊಂಡನು. ಈಟನ್ನಿನಲ್ಲಿಯೂ ಕೇಂಬ್ರಿಡ್ಜಿನಲ್ಲಿಯೂ ಓದಿ, ತನ್ನ ಮನೆತನದ ಲಾಂಗ್‌ಸ್ಟೋ ಎಂಬ ಸ್ಥಳದಲ್ಲಿ ಲಾಯ ನಡೆಸುತ್ತಿದ್ದ ತರುಣ ಅವನು. ಬಂದಿಳಿದ ಕುದುರೆಯಲ್ಲಿ ಮೊದಲಿಗೆ ಅವನಿಗೆ ವಿಶೇಷವೇನೂ ಕಾಣಲಿಲ್ಲ. ದಿನ ಕಳೆದಂತೆ, ಪಳಗಿಸಿದಂತೆ, ಅದರ ಸತ್ತ್ವ ಹೊರಬಿದ್ದಿತು. ಮೊದಲು ಫಿಲಿಪ್ ಕಾರ್ ಎಂಬವರ ಸ್ವತ್ತಾಗಿದ್ದು, ೧೯೩೧ರಲ್ಲಿ ಇನ್ಷೂರೆನ್ಸ್ ಎಂಬ ಇನ್ನೊಂದು ಕುದುರೆಯೊಡನೆ ಅದು ಡೊರೊತಿ ಪ್ಯಾಜೆಟ್ಟಳ ಕೈಸೇರಿತು. ಎರಡಕ್ಕೂ ಸೇರಿ ಆಕೆ ತೆತ್ತ ಬೆಲೆ ಸುಮಾರು ೧೨,೦೦೦ ಪೌನು.

ಈಕೆ ೧೯೦೫ರಲ್ಲಿ ಹುಟ್ಟಿದವಳು. ಲಾರ್ಡ್ ಕ್ವೀನ್‌ಬರೋ ಎಂಬವರ ಮಗಳು. ತಾಯಿಯ ಕಡೆಯಿಂದ ಅಮೆರಿಕದ ವಿಟ್ನಿ ವಂಶದ ಅಪಾರ ಐಶ್ವರ್ಯಕ್ಕೆ ಬಾಧ್ಯಳು. ಹಗಲನ್ನು ಇರುಳಾಗಿಯೂ ಇರುಳನ್ನು ಹಗಲಾಗಿಯೂ ಮಾಡಿಕೊಂಡು ಬಾಳುತ್ತಿದ್ದ ವಿಚಿತ್ರ ಸ್ವಭಾವದವಳು. ನಡುರಾತ್ರಿಯಲ್ಲಿ ದೂರವಾಣಿಯ ಗಂಟೆ ಬಾರಿಸಿ ತರಬೇತುಗಾರನನ್ನು ಎಬ್ಬಿಸಿ ಕುದುರೆಗಳ ಯೋಗಕ್ಷೇಮ ಕೇಳುವುದು ಆಕೆಗೆ ಸಹಜವಾದ ಸಂಗತಿ. ಮುಂಜಾನೆಯೇ ಎದ್ದು ಕುದುರೆಗಳನ್ನು ಬಯಲಿಗೆ ಕರೆದೊಯ್ಯಬೇಕಾದವನಿಗೆ ಇದು ಎಷ್ಟು ಸಹ್ಯವಾಗಿದ್ದೀತೆಂಬುದನ್ನು ತಾವೇ ಊಹಿಸಬಹುದು. ಆದರೂ ಗೆಲುವು ಬರುತ್ತಿದ್ದಷ್ಟು ಕಾಲ ಎಲ್ಲವೂ ನಡೆದುಹೋಯಿತು. ೧೯೩೨, ೧೯೩೩, ೧೯೩೪ ಈ ಮೂರು ವರ್ಷಗಳಲ್ಲಿಯೂ ಗೋಲ್ಡನ್ ಮಿಲ್ಲರ್ ಗೋಲ್ಡ್ ಕಪ್ಪನ್ನು ಗೆದ್ದಿತು. ೧೯೩೪ರಲ್ಲಂತೂ ಬೆನ್ನ ಮೇಲೆ ೧೭೦ ಪೌಂಡು ಭಾರ ಹೊತ್ತು, ಅದುವರೆಗಿನ ದಾಖಲೆಯನ್ನು ಮುರಿದು, ಗ್ರ್ಯಾಂಡ್ ನ್ಯಾಷನಲ್ಲನ್ನೂ ಗೆದ್ದಿತು. ಒಂದೇ ವರ್ಷದಲ್ಲಿ ಈ ಎರಡು ಪಂದ್ಯಗಳನ್ನೂ ಗೆದ್ದ ಕುದುರೆ ಇಂದಿಗೂ ಅದೊಂದೇ.

೧೯೩೫ರ ಮಾರ್ಚಿನಲ್ಲಿ ಚೆಲ್ಟನ್‌ಹ್ಯಾಮಿನ ನೆಲ ಗಟ್ಟಿಯಾಗಿದ್ದಿತು. ಡೊರೊತಿಯ ಬಂಧುವೇ ಆದ ಜಾಕ್ ವಿಟ್ನಿಯ ಥಾಮಂಡ್ ಎಂಬ ಕುದುರೆ ಕಡೆಯ ಬೇಲಿಯ ತನಕವೂ ಬಿಡದೆ ಹೆಗಲಿಗೆ ಹೆಗಲು ಕೊಟ್ಟು ಓಡಿತು. ಗೋಲ್ಡನ್ ಮಿಲ್ಲರ್ ಮುಕ್ಕಾಲು ಕುದುರೆಯಳತೆಯ ಅಂತರದಿಂದ ನಾಲ್ಕನೆಯ ಸಲ ಗೆದ್ದಿತು. ಎರಡು ವಾರಗಳ ತರುವಾಯ ಏಂಟ್ರಿಯ ಪಂದ್ಯ. ಈ ಸಲ ಬೆನ್ನ ಮೇಲಣ ಭಾರ ೧೭೫ ಪೌಂಡು. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಇಂಗ್ಲೆಂಡೇ ಈ ಕುದುರೆಯ ಮೇಲೆ ಹಣ ಕಟ್ಟಿತೆಂದರೆ ಅತಿಶಯೋಕ್ತಿಯಾಗಲಾರದು. ಒಂದಕ್ಕೆ ಎರಡರಷ್ಟೇ ಲಾಭ ಕೊಡುವ ದರಕ್ಕೆ ಅದು ಇಳಿದಿತ್ತು; ಆ ಪಂದ್ಯದಲ್ಲಿ ಅಷ್ಟು ಕಡಮೆಯ ದರ ಬೇರೆ ಯಾವ ಕುದುರೆಗೂ ಬಂದುದಿಲ್ಲ. ಆದರೆ ವ್ಯಾಲೆಂಟೈನ್ ಹಳ್ಳವನ್ನು ದಾಟಿದ ಮೇಲೆ ಸಿಕ್ಕುವ ಒಂದು ಬೇಲಿಯ ಬಳಿ ಕುದುರೆ ತಡವರಿಸಿ ವಿಚಿತ್ರವಾಗಿ ನೆಗೆಯಿತು. ಸವಾರ ಜೆರಿ ವಿಲ್ಸನ್ ನೆಲಕ್ಕುರುಳಿದನು. ಪಶುವೈದ್ಯರು ಪರೀಕ್ಷಿಸಿ ದೋಷವೇನೂ ಇಲ್ಲವೆಂದರು. ಮರುದಿನ ಅಲ್ಲಿಯೇ ಇನ್ನೊಂದು ಪಂದ್ಯಕ್ಕೆ ಬಿಟ್ಟರು. ಮೊದಲನೆಯ ಬೇಲಿಯಲ್ಲಿಯೇ ಸವಾರ ಮತ್ತೆ ಬಿದ್ದನು.

ಸೋಲಿಗೆ ನೂರು ಕಾರಣ ಹುಡುಕುವ ನಾಲಗೆಗಳು ಆಗ ಎದ್ದುವು. ಗೋಲ್ಡ್ ಕಪ್ಪಿನಲ್ಲಿ ದಣಿಸಿದರು ಎಂದರು ಕೆಲವರು. ಸವಾರನ ಮೇಲೆ ಸಂಶಯಪಟ್ಟರು ಕೆಲವರು. ಒಡತಿಯೂ ತರಬೇತುಗಾರನನ್ನು ಪ್ರಶ್ನಿಸಿದಳು. ಮಾತಿಗೆ ಮಾತು ಬೆಳೆಯಿತು. ಕಡೆಗೆ ಬ್ರಿಸ್ಕೋ, ನಿಮ್ಮ ಕುದುರೆಗಳನ್ನೆಲ್ಲ ನನ್ನ ಲಾಯದಿಂದ ಕರೆದುಕೊಂಡು ಹೋಗಬಹುದು ಎಂಬ ಅರ್ಥದ ಮಾತನ್ನು ಆಡಿಬಿಟ್ಟನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕುದುರೆಗಳು ಹೊರಟುವು; ಮೊದಲು ಡೊನಾಲ್ಡ್ ಸ್ನೋ ಎಂಬವನ ಬಳಿಗೆ, ಅನಂತರ ಓವೆನ್ ಆಂಥೊನಿಯ ಬಳಿಗೆ.

ಇನ್ನು ತೀರ್ಪಿನ ಮಾತು. ದಣಿವೇ ಕಾರಣವೆಂದರೆ ಒಂದು ಆಕ್ಷೇಪವಿದೆ: ಅದೇ ಗೋಲ್ಡ್ ಕಪ್ಪಿನಲ್ಲಿ ಅಷ್ಟೇ ದಣಿದಿದ್ದ ಥಾಮಂಡ್ ಏಂಟ್ರಿಯಲ್ಲಿ ಪೂರ್ತಿ ಓಡಿ ಮೂರನೆಯದಾಗಿ ಬಂದಿತು. ಇದಕ್ಕಿಂತ ಬಲವಾದ ಸಾಕ್ಷ್ಯ ಮುಂದಿನ ವರ್ಷಗಳದು. ೧೯೩೬ರಲ್ಲಿ ಹೊಸ ತರಬೇತುಗಾರನ ಕೈಯಲ್ಲಿ, ಹೊಸ ಸವಾರನೊಡನೆ, ಗೋಲ್ಡನ್ ಮಿಲ್ಲರ್ ಐದನೆಯ ಸಲ ಗೋಲ್ಡ್ ಕಪ್ಪನ್ನು ಗೆದ್ದಿತು; ಆ ಐದು ಗೆಲುವುಗಳ ದಾಖಲೆ ಇನ್ನೂ ಮುರಿದಿಲ್ಲ. ಆದರೆ ಅದೇ ವರ್ಷ ಏಂಟ್ರಿಯಲ್ಲಿ ಮೊದಲನೆಯ ಬೇಲಿಯಲ್ಲಿ ಬಿದ್ದು, ಮತ್ತೆ ಸವಾರನನ್ನು ಹೊತ್ತು ಓಡಿ, ಹಿಂದಿನ ವರ್ಷ ಕೆಟ್ಟ ಬೇಲಿಯ ಬಳಿಗೆ ಬಂದೊಡನೆ ನಿಂತುಬಿಟ್ಟಿತು. ೧೯೩೭ರಲ್ಲಿ ಮತ್ತೊಬ್ಬ ಸವಾರ, ಅದೇ ಬೇಲಿ, ಅದೇ ನಿರಾಕರಣೆ. ತರಬೇತುಗಾರ ಬದಲಾದರೂ ಸವಾರರು ಬದಲಾದರೂ ಕುದುರೆಯ ಮನಸ್ಸು ಬದಲಾಗಲಿಲ್ಲ. ಚೆಲ್ಟನ್‌ಹ್ಯಾಮ್ ಅದಕ್ಕೆ ಒಪ್ಪಿತ್ತು, ಏಂಟ್ರಿ ಒಪ್ಪಿರಲಿಲ್ಲ. ಬಾಯಿಲ್ಲದ ಸಾಕ್ಷಿ ಕಾಲಿನಿಂದ ನುಡಿದ ಸಾಕ್ಷ್ಯವಿದು. ಬ್ರಿಸ್ಕೋ ನಿರ್ದೋಷಿಯೆಂದು ಇದರಿಂದ ಬಹುಮಟ್ಟಿಗೆ ಸಿದ್ಧವಾಗುತ್ತದೆ. ಆದರೆ ಆ ವೇಳೆಗೆ ಅವನ ಲಾಯದಲ್ಲಿ ಆ ಕುದುರೆ ಇರಲಿಲ್ಲ. ಅಂಥ ಇನ್ನೊಂದು ಕುದುರೆ ಅವನಿಗೆ ದೊರೆಯಲೂ ಇಲ್ಲ.

ಹಾಗೆಂದು ಒಡತಿಯನ್ನು ಹಳಿದು ಮುಗಿಸುವುದೂ ನ್ಯಾಯವಲ್ಲ. ಕಾನೂನಿನಲ್ಲಿ ಕುದುರೆ ಆಕೆಯದು. ಸೋತರೆ ನಷ್ಟವೂ ಆಕೆಯದು. ಮುಂದೆ ೧೯೪೩ರಲ್ಲಿ ಡರ್ಬಿಯನ್ನೂ ಗೆದ್ದು, ೧೯೬೦ರಲ್ಲಿ ತೀರಿಕೊಳ್ಳುವ ತನಕ ಆಕೆ ಈ ಕ್ರೀಡೆಯನ್ನು ಪೋಷಿಸಿದಳು. ತೊಡಕಿರುವುದು ಈ ಸಂಬಂಧದ ಸ್ವರೂಪದಲ್ಲಿಯೇ. ಸ್ವತ್ತು ಒಬ್ಬರದು, ವಿದ್ಯೆ ಇನ್ನೊಬ್ಬರದು. ಸ್ವತ್ತನ್ನು ಒಂದು ಬೆಳಗಿನಲ್ಲಿ ಬೇರೆಡೆಗೆ ಸಾಗಿಸಬಹುದು. ಅದರೊಳಗೆ ಸುರಿದ ವರ್ಷಗಳ ಶ್ರಮವನ್ನು ತರಬೇತುಗಾರ ಹಿಂದಕ್ಕೆ ಕೇಳುವಂತಿಲ್ಲ. ೨೦೧೬ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನಲ್ಲಿ ಇದೇ ಕಥೆ ಮರುಕಳಿಸಿತು. ತರಬೇತಿಯ ಶುಲ್ಕವನ್ನು ಹೆಚ್ಚಿಸಿದ ಕಾರಣದಿಂದ ಮೈಕೇಲ್ ಓಲಿಯರಿಯ ಗಿಗಿನ್ಸ್‌ಟೌನ್ ಸಂಸ್ಥೆ ಆ ದೇಶದ ಅಗ್ರ ತರಬೇತುಗಾರನಾದ ವಿಲ್ಲೀ ಮಲಿನ್ಸನ ಲಾಯದಿಂದ ಅರುವತ್ತು ಕುದುರೆಗಳನ್ನು ಒಮ್ಮೆಗೇ ತೆಗೆಯಿತು. ಅವುಗಳಲ್ಲಿ ಒಂದಾದ ಆ್ಯಪಲ್ಸ್ ಜೇಡ್ ಆರು ತಿಂಗಳೊಳಗೆ ಚೆಲ್ಟನ್‌ಹ್ಯಾಮಿನಲ್ಲಿ ಮಲಿನ್ಸನ ಕುದುರೆಗಳನ್ನೇ ಸೋಲಿಸಿತು. ಮಲಿನ್ಸನಾದರೂ ಎದೆಗುಂದದೆ ಆ ವರ್ಷದ ಅಗ್ರಸ್ಥಾನವನ್ನು ಕಡೆಯ ವಾರದಲ್ಲಿ ಉಳಿಸಿಕೊಂಡನು. ಬ್ರಿಸ್ಕೋನಿಗೆ ಇದ್ದುದು ಒಂದು ಮಹಾಶ್ವ. ಮಲಿನ್ಸನಿಗೆ ಇದ್ದುದು ತುಂಬಿದ ಲಾಯ. ವ್ಯತ್ಯಾಸ ಅಷ್ಟೇ.

ವಿರಾಟನ ಮನೆಯಲ್ಲಿ ಕುದುರೆಗಳನ್ನು ನೋಡಿಕೊಂಡ ನಕುಲನಿಗೆ ಕುದುರೆಗಳ ಮನಸ್ಸು ತಿಳಿದಿತ್ತೆಂದು ನಮ್ಮವರು ನಂಬುತ್ತಾರೆ. ಏಂಟ್ರಿಯ ಆ ಮಧ್ಯಾಹ್ನ ಕುದುರೆ ಹೇಳಿದುದನ್ನು ಇಬ್ಬರಲ್ಲಿ ಒಬ್ಬರಾದರೂ ಎರಡು ದಿನ ಸುಮ್ಮನಿದ್ದು ಆಲಿಸಿದ್ದರೆ, ಈ ವ್ಯಾಜ್ಯ ಹುಟ್ಟುತ್ತಿರಲಿಲ್ಲವೇನೋ. ಗೋಲ್ಡನ್ ಮಿಲ್ಲರ್ ೧೯೩೯ರಲ್ಲಿ ವಿಶ್ರಾಂತಿ ಪಡೆದು, ೧೯೫೭ರ ವರೆಗೆ ಹುಲ್ಲುಗಾವಲಿನಲ್ಲಿ ನೆಮ್ಮದಿಯಾಗಿ ಬಾಳಿತು. ಅದನ್ನು ಯಾರೂ ಮತ್ತೆ ಆ ಬೇಲಿಯ ಬಳಿಗೆ ಕರೆದೊಯ್ಯಲಿಲ್ಲ.