ಬಾರ್ಜೆಲ್ಲೊ ಹೊಲಿಗೆ: ಒಂದು ನಾಮಧೇಯದ ವೃತ್ತಾಂತ

ದರ್ಭೆಯನ್ನು ಕೈಗೆ ಗಾಯವಾಗದಂತೆ ಕೊಯ್ದು ತರಬಲ್ಲವನು ಮೊದಲು ‘ಕುಶಲ’ನೆನಿಸಿಕೊಂಡನೆಂದೂ, ಕಾಲಕ್ರಮದಲ್ಲಿ ದರ್ಭೆಯು ಮರೆತುಹೋಗಿ ಆ ಮಾತು ಯಾವ ಕಾರ್ಯದಲ್ಲಿಯಾದರೂ ನಿಪುಣನಾದವನಿಗೆ ಸಂದಿತೆಂದೂ ನಮ್ಮ ಆಲಂಕಾರಿಕರು ಹೇಳುವರು. ಇದಕ್ಕೆ ಅವರು ರೂಢಿಲಕ್ಷಣೆಯೆಂದು ಹೆಸರಿಟ್ಟಿರುವರು. ಯೂರೋಪು ಖಂಡದ ಸೂಚೀಕರ್ಮದಲ್ಲಿ ಇದಕ್ಕಿಂತಲೂ ವಿಚಿತ್ರವಾದ ರೂಢಿಯೊಂದುಂಟು. ಬೆಂಕಿಯ ನಾಲಗೆಗಳಂತೆ ಏರಿಳಿಯುವ ಬಣ್ಣಬಣ್ಣದ ಪಟ್ಟೆಗಳುಳ್ಳ ಒಂದು ಬಗೆಯ ಉಣ್ಣೆಯ ಕಸೂತಿಯನ್ನು ಇಂದು ಅನೇಕ ದೇಶಗಳ ಜನರು ಬಿಡುವಿನ ವೇಳೆಯ ವಿನೋದಕ್ಕಾಗಿ ಹಾಕುತ್ತಿರುವರು. ಅದರ ಹೆಸರು ಬಾರ್ಜೆಲ್ಲೊ. ಇಟಲಿಯ ಭಾಷೆಯಲ್ಲಿ ಆ ಮಾತಿನ ಅರ್ಥವಾದರೋ ಕೊತವಾಲ!

ಹೊಲಿಗೆಯ ಕ್ರಮವನ್ನು ಮೊದಲು ತಿಳಿಯುವುದು ಒಳ್ಳೆಯದು. ಎಳೆಯೆಳೆಯೂ ಬಿಡಿಬಿಡಿಯಾಗಿ ಕಾಣುವಂತೆ ನೆಯ್ದ ಕ್ಯಾನ್‌ವಾಸಿನ ಮೇಲೆ ಉಣ್ಣೆಯ ನೂಲಿನಿಂದ ನೆಟ್ಟಗೆ ಒಂದೊಂದು ಹೊಲಿಗೆಯನ್ನು ಹಾಕುವರು. ಒಂದು ಹೊಲಿಗೆಯು ಸಾಮಾನ್ಯವಾಗಿ 4 ಎಳೆಗಳನ್ನು ದಾಟುವುದು. ಅದರ ಪಕ್ಕದ ಹೊಲಿಗೆಯೂ ಅಷ್ಟೇ ಉದ್ದವಾಗಿದ್ದು, 2 ಎಳೆಗಳಷ್ಟು ಮೇಲಕ್ಕೋ ಕೆಳಕ್ಕೋ ಸರಿದಿರುವುದು. ಹೀಗೆ ಮೆಟ್ಟಲುಮೆಟ್ಟಲಾಗಿ ಏರಿ ಇಳಿದರೆ ಶಿಖರಗಳು ಮೂಡುವುವು. ಒಂದೇ ಮಟ್ಟದಲ್ಲಿ ಮೂರು ನಾಲ್ಕು ಹೊಲಿಗೆಗಳನ್ನು ಹಾಕಿ ಮುಂದುವರಿದರೆ ಮೊನೆಯು ಹೋಗಿ ತೆರೆಯ ಬಾಗು ಬರುವುದು. ಮೊದಲನೆಯ ಸಾಲೇ ಉಳಿದವುಗಳಿಗೆ ಗುರು. ಅದರ ಕೆಳಗೆ ಮತ್ತೊಂದು, ಮತ್ತೊಂದು ಎಂದು, ಒಂದೇ ವರ್ಣದ ಕಡುಛಾಯೆಯಿಂದ ತಿಳಿಛಾಯೆಯವರೆಗೆ ಸಾಲುಗಳು ಅದನ್ನೇ ಅನುಸರಿಸುವುವು. ಆ ಗುರುವು ಒಂದು ಎಳೆಯನ್ನು ತಪ್ಪಿ ಎಣಿಸಿದನೋ, ಶಿಷ್ಯಪರಂಪರೆಯೆಲ್ಲವೂ ತಪ್ಪುವುದು. ಬಿಚ್ಚುವುದಲ್ಲದೆ ಬೇರೆ ಪ್ರಾಯಶ್ಚಿತ್ತವಿಲ್ಲ. ಬಟ್ಟೆಯ ಮೇಲೆ ಗೆರೆಯೆಳೆಯದೆ ಎಳೆಗಳನ್ನು ಎಣಿಸಿಯೇ ಹಾಕುವ ಧಾರವಾಡ ಸೀಮೆಯ ಕಸೂತಿಯನ್ನು ಬಲ್ಲ ಮನೆಗಳಲ್ಲಿ ಈ ಸಂಕಟವನ್ನು ವಿವರಿಸಬೇಕಾದುದಿಲ್ಲ. ಭೇದವೇನೆಂದರೆ, ನಮ್ಮ ಕಸೂತಿಯಲ್ಲಿ ಸೀರೆಯ ಬಣ್ಣವು ನಡುನಡುವೆ ಕಾಣುವುದು. ಬಾರ್ಜೆಲ್ಲೊದಲ್ಲಿಯಾದರೋ ಉಣ್ಣೆಯು ನೆಲವನ್ನೆಲ್ಲ ಮುಚ್ಚಿಬಿಡುವುದು. ಆದುದರಿಂದಲೇ ಅದು ಗಟ್ಟಿಯಾಗಿ, ಕುರ್ಚಿಗಳ ಹೊದಿಕೆಗೂ ದಿಂಬುಗಳಿಗೂ ಒದಗುವುದು.

ಇನ್ನು ಹೆಸರಿನ ಕಥೆ. ಫ್ಲಾರೆನ್ಸ್ ನಗರದಲ್ಲಿ 1255ರಲ್ಲಿ ಕಟ್ಟಲಾರಂಭಿಸಿದ, ಕೋಟೆಯಂತಹ ಒಂದು ಕಲ್ಲುಮನೆಯುಂಟು. ಮೊದಲು ಅದು ಪ್ರಜೆಗಳ ದಳಪತಿಗಾಗಿ ಕಟ್ಟಿದುದು. ಬಳಿಕ ‘ಪೊದೆಸ್ತಾ’ ಎಂಬ ನ್ಯಾಯಾಧಿಪತಿಯ ವಾಸಸ್ಥಾನವಾಯಿತು. ಊರಿನ ಪಂಗಡಗಳಲ್ಲಿ ಯಾವುದಕ್ಕೂ ಸೇರದವನಾಗಿರಬೇಕೆಂದು ಆ ಅಧಿಕಾರಿಯನ್ನು ಪರಸ್ಥಳದಿಂದ ಕರೆತರುತ್ತಿದ್ದರು. 1574ರಲ್ಲಿ ಮೆದಿಚಿ ಪ್ರಭುಗಳು ಆ ಪದವಿಯನ್ನು ತೆಗೆದು, ಮನೆಯನ್ನು ಬಾರ್ಜೆಲ್ಲೊನಿಗೆ, ಅಂದರೆ ಕೊತವಾಲನಿಗೆ ಕೊಟ್ಟರು. ಅಲ್ಲಿಂದ ಅದು ಸೆರೆಮನೆ.

ವಧಸ್ಥಾನವಾಗಿ ಅದರ ಅಪಕೀರ್ತಿಯು ಇನ್ನೂ ಹಳೆಯದು. 1478ರಲ್ಲಿ ಜೂಲಿಯಾನೊ ಮೆದಿಚಿಯನ್ನು ಕೊಂದವರಲ್ಲೊಬ್ಬನಾದ ಬೆರ್ನಾರ್ದೊ ಬಂದೀನಿಯು ಕಾನ್‌ಸ್ಟಾಂಟಿನೋಪಲಿಗೆ ಓಡಿಹೋಗಿದ್ದನು. ಸುಲ್ತಾನನು ಅವನನ್ನು ಹಿಡಿಸಿ ಒಪ್ಪಿಸಲಾಗಿ, 1479ರ ಡಿಸೆಂಬರಿನಲ್ಲಿ ಈ ಮನೆಯ ಕಿಟಕಿಯಿಂದಲೇ ಅವನನ್ನು ನೇಣುಹಾಕಿದರು. ತರುಣ ಲಿಯೊನಾರ್ದೊ ದ ವಿಂಚಿಯು ಆ ನೇತಾಡುವ ದೇಹದ ಚಿತ್ರವನ್ನು ಬರೆದುಕೊಂಡು, ಪಕ್ಕದಲ್ಲಿ ಉಡುಪಿನ ವಿವರವನ್ನು ಟಿಪ್ಪಣಿಮಾಡಿರುವನು: ಟೊಪ್ಪಿಗೆಯ ಬಣ್ಣ, ನರಿಯ ತುಪ್ಪಳದ ಒಳಪದರಿನ ನೀಲಿಯ ಅಂಗಿ, ಕೊರಳಪಟ್ಟಿಯಲ್ಲಿ ಕಪ್ಪು ಕೆಂಪಿನ ಮಖಮಲ್ಲು. ಸತ್ತವನ ಮುಖಕ್ಕಿಂತ ಅವನ ಬಟ್ಟೆಯ ಬಣ್ಣಗಳೇ ಆ ಕಾಗದದಲ್ಲಿ ಹೆಚ್ಚು ಸ್ಥಳವನ್ನು ಪಡೆದಿರುವುವು. ಬಟ್ಟೆಯ ವ್ಯಾಪಾರದಿಂದ ಬಾಳಿದ ಊರಿನ ಕಣ್ಣು ಹಾಗಿದ್ದುದು ಆಶ್ಚರ್ಯವಲ್ಲ.

1786ರಲ್ಲಿ ಮಹಾಪ್ರಭು ಪಿಯೆತ್ರೊ ಲಿಯೊಪೋಲ್ದನು ಟಸ್ಕನಿಯಲ್ಲಿ ಮರಣದಂಡನೆಯನ್ನೇ ರದ್ದುಮಾಡಿದಾಗ, ಚಿತ್ರಹಿಂಸೆಯ ಉಪಕರಣಗಳನ್ನು ಈ ಮನೆಯ ಅಂಗಳದಲ್ಲಿ ಸುಟ್ಟುಹಾಕಿದರು. 1859ರವರೆಗೂ ಪೋಲೀಸರು ಅಲ್ಲಿದ್ದರು. 1865ರಲ್ಲಿ ಅದು ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿ ತೆರೆಯಿತು. ದೊನಾತೆಲ್ಲೊನ ಪ್ರತಿಮೆಗಳೊಡನೆ ಅಲ್ಲಿ ಸೇರಿದುವು ಹದಿನೇಳನೆಯ ಶತಮಾನದ ಕೆಲವು ಕುರ್ಚಿಗಳು. ಅವುಗಳ ಹೊದಿಕೆಯು ಈ ಜ್ವಾಲೆಯ ಹೊಲಿಗೆಯದು. ಕುರ್ಚಿಗಳಿದ್ದ ಮನೆಯ ಹೆಸರು ಹೊಲಿಗೆಗೆ ಅಂಟಿತು. ಮನೆಗೋ, ಕೊತವಾಲನ ಹೆಸರು ಅಂಟಿಯೇ ಇದ್ದಿತು. ಸೂಜಿಯನ್ನು ಹಿಡಿದವರ ಹೆಸರು ಮಾತ್ರ ಎಲ್ಲಿಗೂ ಅಂಟಲಿಲ್ಲ.

ಅದಕ್ಕೆ ಮುಂಚೆ ಈ ಹೊಲಿಗೆಗೆ ಹೆಸರಿರಲಿಲ್ಲವೆಂದಲ್ಲ, ಬೇಕಾದಷ್ಟಿದ್ದುವು. ಸೋಜಿಗವೆಂದರೆ, ಪ್ರತಿಯೊಂದು ಜನವೂ ಅದನ್ನು ಪರದೇಶದ್ದೆಂದು ಕರೆದಿತು. ಇಟಲಿಯವರು ಅದನ್ನು ಹಂಗೆರಿಯ ಹೊಲಿಗೆಯೆಂದರು. ಫ್ರೆಂಚರಲ್ಲಿಯೂ ಹಂಗೆರಿಯೇ, ಮೊನೆಮೊನೆಯಾಗಿ ಮರದ ಹಲಗೆಗಳನ್ನು ಜೋಡಿಸಿದ ನೆಲಕ್ಕೂ ಅವರು ಅದೇ ಹೆಸರನ್ನು ಕೊಟ್ಟಿರುವರು. ಇಂಗ್ಲಿಷರಲ್ಲಿ ಕೆಲವರು ಫ್ಲಾರೆನ್ಸಿನ ಹೊಲಿಗೆಯೆಂದರು, ಕೆಲವರು ಐರ್ಲೆಂಡಿನ ಹೊಲಿಗೆಯೆಂದರು. ಹಂಗೆರಿಯ ರಾಜಪುತ್ರಿಯೊಬ್ಬಳು ಮೆದಿಚಿಗಳ ಮನೆಗೆ ಸೊಸೆಯಾಗಿ ಬರುವಾಗ ಇದನ್ನು ತಂದಳೆಂಬ ಕಥೆಯೊಂದುಂಟು. 1565ರಲ್ಲಿ ಆ ಮನೆಗೆ ಬಂದ ಜೊವಾನ್ನಾ ಎಂಬವಳ ತಾಯಿಯು ಹಂಗೆರಿಯ ರಾಜನ ಮಗಳಾಗಿದ್ದುದು ನಿಜ. ಆದರೆ ಮಗಳು ಸೀಮಂತಿನಿಯಾಗಿ ಬಂದಳೆಂಬ ಮಾತ್ರದಿಂದ ಅವಳ ಪೆಟ್ಟಿಗೆಯಲ್ಲಿ ಇಂತಹ ಹೊಲಿಗೆಯಿದ್ದಿತೆಂದು ಸಾಧಿಸಲಾಗದು. ಹೆಸರಿನಿಂದ ಕಥೆಯು ಹುಟ್ಟಿರುವುದೇ ಹೆಚ್ಚು ಸಂಭವ.

ಐರ್ಲೆಂಡಿನ ಹೊಲಿಗೆಯೆಂಬ ಹೆಸರಿನಿಂದಲೇ ಇದು ಅಟ್ಲಾಂಟಿಕ್ ಸಾಗರವನ್ನು ದಾಟಿತು. ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ, ವಿಶೇಷವಾಗಿ ಪೆನ್ಸಿಲ್ವೇನಿಯಾ ಮತ್ತು ನ್ಯೂ ಇಂಗ್ಲೆಂಡ್ ಪ್ರಾಂತಗಳಲ್ಲಿ, ಪುರುಷರು ತಮ್ಮ ಹಣವನ್ನೂ ಪತ್ರಗಳನ್ನೂ ಇಡುತ್ತಿದ್ದ ಮಡಿಕೆಚೀಲಗಳು ಈ ಹೊಲಿಗೆಯವು. ಅವುಗಳಲ್ಲಿ ಅನೇಕವು ಇಂದಿಗೂ ಅಲ್ಲಿಯ ಸಂಗ್ರಹಾಲಯಗಳಲ್ಲಿರುವುವು. ಹಲವು ಚೀಲಗಳ ಮೇಲೆ ಹೆಸರೂ ವರ್ಷವೂ ಉಣ್ಣೆಯಲ್ಲಿಯೇ ಮೂಡಿರುವುವು. ಇಲ್ಲಿಯಾದರೂ ಹೊಲಿದವಳ ಹೆಸರು ದೊರೆಯಿತೆಂದು ನೋಡಹೋದರೆ, ಬಹುಮಟ್ಟಿಗೆ ಅದು ಚೀಲದ ಒಡೆಯನ ಹೆಸರು! ಹೆಂಡತಿಯೋ, ಮಗಳೋ, ತಂಗಿಯೋ, ದೀಪದ ಬೆಳಕಿನಲ್ಲಿ ಎಳೆಗಳನ್ನು ಎಣಿಸಿ ಎಣಿಸಿ ಗಂಡಸಿನ ಹೆಸರನ್ನು ಬರೆದು ಕೊಟ್ಟಿರುವಳು. ಪ್ರೀತಿಯಿಂದ ಬರೆದುದೇ ಇರಬೇಕು. ಆದರೂ ಚರಿತ್ರಕಾರನಿಗೆ ಅದು ನಷ್ಟವೇ ಸರಿ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದವರು ಇದನ್ನು ಹವ್ಯಾಸವಾಗಿ ಮತ್ತೆ ಕೈಗೆತ್ತಿಕೊಂಡರು. 1967ರಲ್ಲಿ ಎಲ್ಸಾ ವಿಲಿಯಮ್ಸ್ ಎಂಬಾಕೆಯು ಬರೆದ ಪುಸ್ತಕದ ಶಿರೋನಾಮೆಯಲ್ಲಿ ಬಾರ್ಜೆಲ್ಲೊ, ಫ್ಲಾರೆನ್ಸ್ ಎರಡು ಹೆಸರುಗಳೂ ಇದ್ದುವು. ಕ್ರಮೇಣ ಮೊದಲನೆಯದೇ ಗೆದ್ದಿತು. 1972ರಲ್ಲಿ ಡಾರತಿ ಕೇಸ್ಟ್‌ನರ್ ಎಂಬಾಕೆಯು, ಬಟ್ಟೆಯನ್ನು ಮಧ್ಯಬಿಂದುವಿನಿಂದ ನಾಲ್ಕು ತ್ರಿಕೋಣಗಳಾಗಿ ವಿಭಾಗಿಸಿ, ನಾಲ್ಕು ದಿಕ್ಕುಗಳಿಗೂ ಜ್ವಾಲೆಗಳನ್ನು ಹರಿಸುವ ಮಾರ್ಗವನ್ನು ಪುಸ್ತಕದ ಮೂಲಕ ತೋರಿಸಿದಳು. ಆ ಮೂಲೆಗಳಲ್ಲಿ ಹೊಲಿಗೆಗಳು ಎದುರುಬದುರಾಗಿ ಸೇರುವಂತೆ ಎಣಿಸುವುದು ಬಲು ಕಠಿನವಾದ ಕೆಲಸ. ಇಂತಹುದನ್ನು ಮಾಡಿ ಮುಗಿಸಿದ ಹವ್ಯಾಸಿಗಳಲ್ಲಿ ಅನೇಕರು, ಸೂಜಿಯನ್ನು ಕೆಳಗಿಡುವ ಮುನ್ನ, ಅಂಚಿನ ಒಂದು ಮೂಲೆಯಲ್ಲಿ ತಮ್ಮದೇ ಹೆಸರಿನ ಮೊದಲ ಅಕ್ಷರಗಳನ್ನೂ ವರ್ಷವನ್ನೂ ಚಿಕ್ಕದಾಗಿ ಹೊಲಿದಿಡುವರು.