ಟೆಸ್ಟೋಸ್ಟೆರಾನ್ ಮತ್ತು ರಕ್ತನಾಳ: ಯಾರ ನಾಳ, ಎಷ್ಟು ದಿನದ ಮಾತು?

ಗೋವಾದ ಕುಂಡೈ, ಬೆತೋಡಾ ಕೈಗಾರಿಕಾ ವಸಾಹತುಗಳಲ್ಲಿ ದುಡಿಯುವ ವಿಜಯಪುರ, ಬಾಗಲಕೋಟೆ ಕಡೆಯ ಗಂಡಸರು ಈಚೆಗೆ ಫೋಂಡಾದ ವೈದ್ಯರ ಮುಂದೆ ಹೊಸ ಪ್ರಶ್ನೆ ಇಡುತ್ತಾರೆ: “ಆ ಹಾರ್ಮೋನ್ ಇಂಜೆಕ್ಷನ್ ತಗೊಂಡ್ರ ರಕ್ತನಾಳ ಸಡ್ಲ ಆಗ್ತಾವಂತಲ್ರೀ ಸಾಹೇಬ್ರ?” ಮೊಬೈಲ್ ವಿಡಿಯೊ ಕಲಿಸಿದ ಮಾತು. ಪೂರ್ತಿ ಸುಳ್ಳಲ್ಲ, ಅದೇ ತೊಂದರೆ.

ಟೆಸ್ಟೋಸ್ಟೆರಾನನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲೂ ತಯಾರಿಸಿದ್ದು 1935ರಲ್ಲಿ. ಹತ್ತು ವರ್ಷ ತುಂಬುವ ಮೊದಲೇ ಅದನ್ನು ಆಂಜೈನಾದ ಎದೆನೋವಿಗೆ ಚುಚ್ಚತೊಡಗಿದ್ದರು. 1946ರಲ್ಲಿ ಲೆಸ್ಸರ್ ನೂರು ರೋಗಿಗಳ ವರದಿ ಬರೆದು ಬಹುಪಾಲು ಜನರಿಗೆ ಹಿತವಾಯಿತೆಂದರು. ಇಂದಿನ ಒರೆಗೆ ಅದು ನಿಲ್ಲದು. 1977ರಲ್ಲಿ ಜಾಫೆ 50 ಗಂಡಸರಿಗೆ ವಾರವಾರ ಇಂಜೆಕ್ಷನ್ ಕೊಟ್ಟು, ವ್ಯಾಯಾಮದ ನಂತರದ ಇಸಿಜಿ ಸುಧಾರಿಸಿದ್ದನ್ನು ತೋರಿಸಿದರು. ಆಮೇಲೆ ಬಹುಕಾಲ ಇದರತ್ತ ತಲೆಹಾಕಿದವರು ಕಡಿಮೆ.

ನಮ್ಮ ಪೀಳಿಗೆ ಕಣ್ಣರಳಿಸಿ ಓದಿದ್ದು 1995ರ ಲಂಡನ್ ಪ್ರಯೋಗವನ್ನು. ಪೀಟರ್ ಕಾಲಿನ್ಸ್ ಮತ್ತು ಸಂಗಡಿಗರು ಮೊಲದ ಹೃದಯಧಮನಿಯ ತುಣುಕುಗಳಿಗೆ ಟೆಸ್ಟೋಸ್ಟೆರಾನ್ ಸೋಕಿಸಿದಾಗ ಅವು ಸಡಿಲಗೊಂಡವು. ಒಳಪದರವನ್ನು ಕೆರೆದು ತೆಗೆದರೂ ಸಡಿಲಗೊಂಡವು. ಆದರೆ ಬಳಸಿದ ಪ್ರಮಾಣ ಗಂಡಸಿನ ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ವಿಡಿಯೊಗಳು ಇದನ್ನು ನುಂಗಿಬಿಡುತ್ತವೆ. 1999ರಲ್ಲಿ ಅದೇ ಬಳಗ 13 ಹೃದ್ರೋಗಿಗಳ ಧಮನಿಗೇ ಸಣ್ಣ ಪ್ರಮಾಣ ಹರಿಸಿ, ನಾಳ ತುಸು ಹಿಗ್ಗಿದ್ದನ್ನು ಅಳೆಯಿತು. ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು ಇನ್ನೂ ನೆಲದ ಮೇಲೆ ನಿಂತವರು: 2000ದಲ್ಲಿ 46 ಆಂಜೈನಾ ರೋಗಿಗಳಿಗೆ 12 ವಾರ 5 ಮಿ.ಗ್ರಾಂ ಟೆಸ್ಟೋಸ್ಟೆರಾನ್ ಪಟ್ಟಿ ಇಲ್ಲವೇ ಹುಸಿಪಟ್ಟಿ ಅಂಟಿಸಿದರು. ಔಷಧ ಪಡೆದವರಲ್ಲಿ, ಟ್ರೆಡ್‌ಮಿಲ್ ಮೇಲೆ ನಡೆಯುವಾಗ ಇಸಿಜಿ ಏರುಪೇರಾಗಲು ಹೆಚ್ಚು ಹೊತ್ತು ಹಿಡಿಯಿತು. ನಿಜವಾಗಿ ಟೆಸ್ಟೋಸ್ಟೆರಾನ್ ಕೊರತೆಯಿದ್ದ ಹೃದ್ರೋಗಿಗಳನ್ನೇ ಆರಿಸಿಕೊಂಡ 2004ರ ಅವರ ಅಧ್ಯಯನದಲ್ಲಿ ಇದ್ದವರು ಹತ್ತೇ ಮಂದಿ.

ಮುಂದಿನ ಮಾತಿಗೆ ನಾಳದ ಹಿಗ್ಗನ್ನು ಹೊರಗಿನಿಂದ ಅಳೆಯುವ ಬಗೆ ತಿಳಿದಿರಬೇಕು. ಮುಂಗೈಗೆ ಬಿಪಿ ಪಟ್ಟಿ ಕಟ್ಟಿ ಐದು ನಿಮಿಷ ರಕ್ತ ತಡೆಯುತ್ತಾರೆ. ಬಿಟ್ಟೊಡನೆ ರಕ್ತ ನುಗ್ಗುತ್ತದೆ, ಸುಮಾರು ಒಂದು ನಿಮಿಷದಲ್ಲಿ ತೋಳಿನ ಧಮನಿ ಹಿಗ್ಗುತ್ತದೆ. ನಾಲ್ಕು ಮಿ.ಮೀ. ನಾಳದಲ್ಲಿ ಕಾಲು ಮಿ.ಮೀ. ವ್ಯತ್ಯಾಸ! ಅಲ್ಟ್ರಾಸೌಂಡ್ ಹಿಡಿದ ಕೈ ನಡುಗಿದರೆ ಫಲಿತಾಂಶವೂ ನಡುಗುತ್ತದೆ.

ಇದೇ ಅಳತೆಯಿಂದ ಜರ್ಮನಿಯ ಮ್ಯೂನ್‌ಸ್ಟರ್‌ನ ಜಿಟ್ಸ್‌ಮನ್, ನೀಶ್ಲಾಗ್ ಮೊದಲಾದವರು 2002ರಲ್ಲಿ ಎಲ್ಲರ ಉತ್ಸಾಹಕ್ಕೆ ತಣ್ಣೀರೆರಚಿದರು. ಹೃದ್ರೋಗವಲ್ಲ, ಹಾರ್ಮೋನ್ ಕೊರತೆಯೇ ಮುಖ್ಯವಾಗಿದ್ದ 36 ಗಂಡಸರಲ್ಲಿ ಚಿಕಿತ್ಸೆಗೆ ಮುಂಚೆ ನಾಳ ಚೆನ್ನಾಗಿಯೇ ಹಿಗ್ಗುತ್ತಿತ್ತು. ಟೆಸ್ಟೋಸ್ಟೆರಾನ್ ಸಹಜ ಮಟ್ಟಕ್ಕೆ ಬಂದ ಮೇಲೆ ಆ ಹಿಗ್ಗು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ನನ್ನ ಎಣಿಕೆಯಲ್ಲಿ ಈ ಸಾಲಿನ ಅತ್ಯಂತ ಬೆಲೆಬಾಳುವ ಲೇಖನ ಇದು. ಸಮ್ಮೇಳನಗಳಲ್ಲಿ ಇದರ ಹೆಸರೆತ್ತಿದರೆ ಚಹಾ ವಿರಾಮ ಬರುತ್ತದೆ.

2023ರ ಟ್ರಾವರ್ಸ್ ಪ್ರಯೋಗ ಐದು ಸಾವಿರ ಗಂಡಸರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯಸಂಬಂಧಿ ಸಾವುಗಳನ್ನು ಎಣಿಸಿತು: ಔಷಧ ಪಡೆದವರಲ್ಲಿ ಶೇ 7.0, ಪಡೆಯದವರಲ್ಲಿ ಶೇ 7.3. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಔಷಧದವರಲ್ಲಿ ಹೆಚ್ಚು. ಔಷಧ ಕಂಪನಿಗಳಿಗೆ ನಿರಾಳವಾಯಿತು. ನಾಳದ ಪ್ರಶ್ನೆ ಇದ್ದಲ್ಲೇ ಇದೆ.

ಮೇಲೆ ಹೇಳಿದ ಯಾವ ಅಧ್ಯಯನವೂ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ, ಹೃದಯಾಘಾತ ಕಾಣುವ ನಮ್ಮ ಜನರ ಮೇಲೆ ನಡೆದದ್ದಲ್ಲ. ಬಿಪಿ ಪಟ್ಟಿ, ಅಲ್ಟ್ರಾಸೌಂಡ್, ಪಳಗಿದ ಕೈ ಇಷ್ಟಿದ್ದರೆ ಇಲ್ಲೇ ಮಾಡಬಹುದಾದ ಕೆಲಸ. ಅದಕ್ಕೂ ಮೊದಲು ಕೊರತೆ ಇದೆಯೋ ಇಲ್ಲವೋ ಖಚಿತವಾಗಬೇಕು, ಬೇರೆಬೇರೆ ದಿನ ಎರಡು ಸಲ, ಬೆಳಗಿನ ರಕ್ತದಲ್ಲಿ. ನಿದ್ದೆಯಲ್ಲಿ ಏರುವ ಹಾರ್ಮೋನ್ ಇದು. ಆದರೆ ನಾವು, ರಾತ್ರಿಪಾಳಿ ಮುಗಿಸಿ, ಕಣ್ಣೂ ಮುಚ್ಚದೆ ಎಂಟು ಗಂಟೆಗೆ ನೇರ ಲ್ಯಾಬಿಗೆ ಬಂದವನ ಒಂದೇ ಚೀಟಿ ನೋಡಿ ಇಂಜೆಕ್ಷನ್ ಬರೆದುಕೊಡುತ್ತಿದ್ದೇವೆ.